ಅಮೆರಿಕದ ಕ್ಲಿನಿಕ್‌ಗಳಲ್ಲಿ ಕಾಣಸಿಗುವ ನರ್ಸ್ ಪ್ರಾಕ್ಟೀಷನರ್‌ಗಳ ಕೆಲಸವೇನು?

ಶುಶ್ರೂಷೆಯಲ್ಲಿ ಸ್ನಾತಕೋತ್ತರ ಅಥವಾ ಡಾಕ್ಟರೇಟ್ ಮಟ್ಟದ ತರಬೇತಿ ಪಡೆದು, ರೋಗಿಯನ್ನು ಪರೀಕ್ಷಿಸಿ, ಕಾಯಿಲೆಯನ್ನು ಗುರುತಿಸಿ, ಔಷಧವನ್ನೂ ಬರೆದುಕೊಡುವ ಅಧಿಕಾರವುಳ್ಳ ನರ್ಸ್‌ಗಳು ಇವರು. ಪ್ರಾಥಮಿಕ ಆರೈಕೆಯಲ್ಲಿ ಅನೇಕರಿಗೆ ಇವರೇ ಮನೆವೈದ್ಯರ ಸ್ಥಾನದಲ್ಲಿರುತ್ತಾರೆ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಈ ತರಬೇತಿಯನ್ನು ಆರಂಭಿಸಿದರು.

ಇವರ ನಿಜವಾದ ಉಪಯೋಗ ತಿಳಿಯುವುದು ದೀರ್ಘಕಾಲದ ಕಾಯಿಲೆಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ಹೃದಯ, ಮೂತ್ರಪಿಂಡ, ಮಂಡಿನೋವು ಎಂದು ವೃದ್ಧರೊಬ್ಬರು ಮೂವರು ತಜ್ಞರ ಬಳಿಗೆ ಹೋದಾಗ, ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಸರಿಯಾದ ಔಷಧವನ್ನೇ ಬರೆದರೂ, ಅವೆಲ್ಲ ಒಂದೇ ದೇಹದಲ್ಲಿ ಸೇರಿದರೆ ಏನಾದೀತೆಂದು ನೋಡುವವರು ಯಾರೂ ಇಲ್ಲದಂತಾಗುತ್ತದೆ. ಮಂಡಿನೋವಿಗೆ ಕೊಟ್ಟ ಐಬುಪ್ರೊಫೆನ್ ಮೊದಲೇ ದುರ್ಬಲವಾಗಿರುವ ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸಬಲ್ಲದು. ಎಲ್ಲ ಚೀಟಿಗಳನ್ನೂ ಒಟ್ಟಿಗೆ ಇಟ್ಟು ಪರಿಶೀಲಿಸುವುದು, ಹೊಂದದ ಔಷಧದ ಬಗ್ಗೆ ಆಯಾ ತಜ್ಞರೊಡನೆ ಮಾತಾಡುವುದು, ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ಬೇಗನೆ ವಿಚಾರಿಸಿಕೊಳ್ಳುವುದು, ನರ್ಸ್ ಪ್ರಾಕ್ಟೀಷನರ್ ವಹಿಸಿಕೊಳ್ಳುವ ಈ ಕೆಲಸಗಳೆಲ್ಲ ಸೇರಿ ಆರೈಕೆಯ ಸಮನ್ವಯ ಎನಿಸುತ್ತವೆ.

ಅಧಿಕಾರದ ವ್ಯಾಪ್ತಿ ಮಾತ್ರ ಎಲ್ಲೆಡೆ ಒಂದೇ ಅಲ್ಲ: ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇವರು ಸ್ವತಂತ್ರವಾಗಿ ಚಿಕಿತ್ಸೆ ನೀಡಬಹುದು, ಟೆಕ್ಸಾಸ್‌ನಂಥ ಕಡೆ ಔಷಧ ಬರೆಯಲು ವೈದ್ಯರೊಬ್ಬರೊಂದಿಗೆ ಲಿಖಿತ ಒಪ್ಪಂದವಿರಬೇಕು.