ಆರು ತಿಂಗಳ ಸೋನೋಗ್ರಫಿ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ

ಡೊಂಬಿವಲಿಯಿಂದ ಬಂದ ಪತ್ರ: "ನನ್ನ ಪಿತ್ತಕೋಶದಲ್ಲಿ ಕಲ್ಲಿದೆ. ಸೋನೋಗ್ರಫಿಗೆ ಹೋದಾಗ ಮಗಳೂ ಜೊತೆಗಿದ್ದಳು. ಪರದೆಯ ಮೇಲೆ ಅದನ್ನು ನೋಡಿದಾಗಿನಿಂದ ತಾನೂ ಇದೇ ಕೆಲಸ ಕಲಿಯಬೇಕು ಅಂತ ಹಟ. ಈಗ ಹನ್ನೆರಡನೇ ಸೈನ್ಸ್‌ನಲ್ಲಿದ್ದಾಳೆ. ಹತ್ತಿರದ ಒಂದು ಇನ್‌ಸ್ಟಿಟ್ಯೂಟ್‌ನವರು ಆರು ತಿಂಗಳಲ್ಲಿ ಸೋನೋಗ್ರಫಿ ಟೆಕ್ನಿಷಿಯನ್ ಸರ್ಟಿಫಿಕೇಟ್, ಫೀಸು ಒಂದೂವರೆ ಲಕ್ಷ, ಗಲ್ಫ್‌ನಲ್ಲಿ ಕೆಲಸ ಗ್ಯಾರಂಟಿ ಅನ್ನುತ್ತಾರೆ. ನಮ್ಮವರು ಕ್ಯಾಂಟೀನ್‌ನಲ್ಲಿ ಕೆಲಸ ಮಾಡುತ್ತಾರೆ. ಡಾಕ್ಟರ್ ಹೇಳಿದ ಎರಡನೇ ಸ್ಕ್ಯಾನನ್ನೂ ಮುಂದೂಡಿ ಹಣ ಕೂಡಿಸುತ್ತಿದ್ದೇನೆ. ಕಟ್ಟಬಹುದಾ? ಹೆಸರು ಹಾಕಬೇಡಿ."

ಅಕ್ಕಾ, ಕಟ್ಟಬೇಡಿ.

ಇಷ್ಟು ಹೇಳಿ ಸುಮ್ಮನಾದರೆ ಮಗಳಿಗೆ ಬೇಜಾರಾಗುತ್ತದೆ. ಅವಳ ಆಸೆಯಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಆ ಆರು ತಿಂಗಳಲ್ಲಿ.

ನಮ್ಮ ದೇಶದಲ್ಲಿ ನೋಂದಣಿಯಾದ ಸೆಂಟರ್‌ನಲ್ಲಿ ಸೋನೋಗ್ರಫಿಯ ಪ್ರೋಬ್, ಅಂದರೆ ಮೈಮೇಲೆ ಒತ್ತಿ ಆಡಿಸುವ ಆ ಸಾಧನ, ಇರಬೇಕಾದದ್ದು ಅರ್ಹ ಡಾಕ್ಟರ ಕೈಯಲ್ಲಿ. ಕಾರಣ ನಿಮಗೂ ಗೊತ್ತು. ಸೋನೋಗ್ರಫಿ ಮಾಡಿಸಿ, ಹೊಟ್ಟೆಯಲ್ಲಿರುವುದು ಹೆಣ್ಣು ಅಂತ ತಿಳಿದು ತೆಗೆಸುತ್ತಿದ್ದ ಕಾಲವೊಂದಿತ್ತು. ಮಹಾರಾಷ್ಟ್ರವೇ ಎಲ್ಲರಿಗಿಂತ ಮೊದಲು, 1988ರಲ್ಲಿ, ಇದನ್ನು ತಡೆಯಲು ಕಾನೂನು ಮಾಡಿತು. ಇಡೀ ದೇಶಕ್ಕೆ 1994ರಲ್ಲಿ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಅದನ್ನು ಮುರಿದರೆ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು. ಸೆಂಟರ್‌ನ ಮಾಲೀಕರಿಗೆ ಮಾತ್ರವಲ್ಲ, ಅಲ್ಲಿ ನೌಕರಿಗಿರುವವರಿಗೂ.

ಈಗ ಆ 'ಆರು ತಿಂಗಳ' ಗುಟ್ಟು ಹೇಳುತ್ತೇನೆ. ಆರು ತಿಂಗಳ ಸೋನೋಗ್ರಫಿ ತರಬೇತಿ ಅನ್ನುವುದು ಕಾನೂನಿನಲ್ಲಿ ನಿಜವಾಗಿಯೂ ಇದೆ. 2014ರಲ್ಲಿ ಸರ್ಕಾರ ಅದಕ್ಕೆ ನಿಯಮವನ್ನೂ ಮಾಡಿದೆ. ಆದರೆ ಅದು ಎಂಬಿಬಿಎಸ್ ಮುಗಿಸಿದ ಡಾಕ್ಟರಿಗೆ. ಹನ್ನೆರಡನೇ ಮುಗಿಸಿದ ಹುಡುಗಿಗಲ್ಲ. ಹೆಸರು ಒಂದೇ ಥರ ಕೇಳಿಸುವುದರಿಂದ ತಂದೆತಾಯಿ ನಂಬಿಬಿಡುತ್ತಾರೆ. ನನ್ನ ತಂಗಿಯೂ ನಂಬಿದ್ದಳು. ಅವಳ ಮಗ ಹೀಗೇ ಒಂದು ಕಡೆ ಸ್ಕ್ಯಾನಿಂಗ್ ಕೋರ್ಸಿಗೆ ಫೀಸು ಕಟ್ಟಿದ. ಆರು ತಿಂಗಳಲ್ಲಿ ಒಬ್ಬ ರೋಗಿಯನ್ನೂ ನೋಡಲಿಲ್ಲ. ಆ ಕಾಗದವನ್ನು ಯಾವ ಆಸ್ಪತ್ರೆಯೂ ಒಪ್ಪಲಿಲ್ಲ. ದುಡ್ಡು ಹೋಯಿತು, ಅದಕ್ಕಿಂತ ಜಾಸ್ತಿ ಅವನ ಒಂದು ವರ್ಷ ಹೋಯಿತು. ನಿಮ್ಮ ಪತ್ರ ಓದಿದಾಗ ಅವನ ಮುಖ ಕಣ್ಣ ಮುಂದೆ ಬಂತು.

ಡಾಕ್ಟರೇ ಯಾಕೆ ಬೇಕು ಅಂತ ಮಗಳು ಕೇಳಬಹುದು. ಲಿಂಗಪತ್ತೆಯ ಮಾತು ಬಿಟ್ಟರೂ ಇದರಲ್ಲಿ ಒಂದು ವಿಷಯವಿದೆ. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ 20,000 ಕಂಪನದವರೆಗಿನ ಸದ್ದು. ಹೊಟ್ಟೆ ನೋಡುವ ಪ್ರೋಬ್‌ನಿಂದ ಹೊರಡುವ ಸದ್ದು ಸೆಕೆಂಡಿಗೆ ಸುಮಾರು 35 ಲಕ್ಷ ಕಂಪನದ್ದು. ಅದು ಮೈಯೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಹೋಗಿ, ಅಡ್ಡ ಸಿಕ್ಕಿದ್ದಕ್ಕೆ ತಾಗಿ ವಾಪಸು ಬರುತ್ತದೆ. ಬಂದ ಹೊತ್ತನ್ನು ಲೆಕ್ಕ ಹಾಕಿ ಮೆಷಿನ್ ಚಿತ್ರ ಮಾಡುತ್ತದೆ. ನಡುವೆ ಗಾಳಿ ಇದ್ದರೆ ಸದ್ದು ಅಲ್ಲೇ ತಿರುಗಿಬಿಡುತ್ತದೆ, ಅದಕ್ಕೇ ಆ ತಣ್ಣನೆಯ ಜೆಲ್ ಹಚ್ಚುವುದು. ನಿಮ್ಮ ಪಿತ್ತಕೋಶದ ಕಲ್ಲು ಸದ್ದನ್ನು ಮುಂದೆ ಹೋಗಲು ಬಿಡುವುದಿಲ್ಲ. ಹಾಗಾಗಿ ಅದು ಬೆಳ್ಳಗೆ ಕಾಣುತ್ತದೆ, ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ಮಗಳು ಬೆರಗಾಗಿ ನೋಡಿದ್ದು ಇದನ್ನೇ ಇರಬೇಕು, ಅಲ್ವಾ?

ಎಕ್ಸ್‌ರೇ ಒಬ್ಬರು ತೆಗೆದರೆ ಇನ್ನೊಬ್ಬರು ಸಂಜೆ ಕೂತು ಓದಬಹುದು. ಸೋನೋಗ್ರಫಿ ಹಾಗಲ್ಲ. ಕೈ ತಿರುಗಿದ ಕಡೆಯದು ಮಾತ್ರ ಕಾಣುತ್ತದೆ. ಕೈ ಹೋಗದ ಮೂಲೆಯಲ್ಲಿ ಗಡ್ಡೆ ಇದ್ದರೆ ಅದು ಯಾವ ಚಿತ್ರದಲ್ಲೂ ಇರುವುದಿಲ್ಲ. ಹುಡುಕುವುದೂ ಓದುವುದೂ ಒಂದೇ ಕೆಲಸ, ಅದಕ್ಕೇ ಡಾಕ್ಟರೇ ಬೇಕು ಅನ್ನುವುದು.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಡಾಕ್ಟರಲ್ಲದ ಸೋನೋಗ್ರಾಫರ್‌ಗಳಿದ್ದಾರೆ ಅನ್ನುವುದು ನಿಜ. ಅಲ್ಲಿ ಅದೇ ಒಂದು ಬೇರೆ ವೃತ್ತಿ. ಆದರೆ ಅವರು ಕಾಲೇಜಿನಲ್ಲಿ ಓದಿ, ಆಸ್ಪತ್ರೆಯಲ್ಲಿ ನೂರಾರು ರೋಗಿಗಳ ಮೇಲೆ ಕೈ ಪಳಗಿಸಿ ಬಂದವರು. ಗಲ್ಫ್‌ನಲ್ಲೂ ಲೈಸೆನ್ಸ್ ಇಲ್ಲದೆ ಆಸ್ಪತ್ರೆಯೊಳಗೆ ಕಾಲಿಡುವಂತಿಲ್ಲ. ಸರ್ಟಿಫಿಕೇಟ್ ಕೊಟ್ಟ ಕಾಲೇಜನ್ನೇ ಕೇಳಿ ತಾಳೆ ನೋಡುತ್ತಾರೆ. ಅಲ್ಲಿಯ ಕೆಲಸಕ್ಕೆ ಇಲ್ಲಿಯ ಇನ್‌ಸ್ಟಿಟ್ಯೂಟ್ ಗ್ಯಾರಂಟಿ ಕೊಡುವುದು ಹೇಗೆ?

ಹಾಗಾದರೆ ದಾರಿ? ಪ್ರೋಬೇ ಹಿಡಿಯಬೇಕು ಅಂತಿದ್ದರೆ ನೀಟ್ ಬರೆಯಬೇಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಎಂಬಿಬಿಎಸ್, ಆಮೇಲೆ ಮೂರು ವರ್ಷ ರೇಡಿಯಾಲಜಿ ಎಂಡಿ. ದೂರದ ದಾರಿ, ಆದರೆ ಹುಡುಗಿ ಗಟ್ಟಿಯಿದ್ದರೆ ಬೇಡ ಅನ್ನಬೇಡಿ.

ಇನ್ನೊಂದು ದಾರಿಯೇ ನಿಮ್ಮ ಮನೆಗೆ ಹೊಂದುತ್ತದೆ ಅಂತ ನನಗನಿಸುತ್ತದೆ. ಮೆಡಿಕಲ್ ಇಮೇಜಿಂಗ್‌ನಲ್ಲಿ ಬಿಎಸ್‌ಸಿ. ಸಾಮಾನ್ಯವಾಗಿ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಎಕ್ಸ್‌ರೇ, ಸಿಟಿ, ಎಂಆರ್‌ಐ ಮೆಷಿನ್‌ಗಳನ್ನು ನಡೆಸುವವರು ಇವರೇ. ಆ ಕೆಲಸ ಪೂರ್ತಿ ಅವರ ಕೈಯಲ್ಲೇ ಇರುತ್ತದೆ. ಅಲ್ಟ್ರಾಸೌಂಡ್, ಅಂದರೆ ಸೋನೋಗ್ರಫಿಯ ಪಾಠವೂ ಇರುತ್ತದೆ, ಮುಂದೆ ಹೊರದೇಶದಲ್ಲಿ ಸೋನೋಗ್ರಫಿ ಓದುವುದಕ್ಕೂ ಅದು ಬುನಾದಿ. ಇಲ್ಲಿ ನಾಸಿಕ್‌ನ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳನ್ನು ವಿಚಾರಿಸಿ. ಊರ ಕಡೆ ಅಜ್ಜಿ ಮನೆ ಇದ್ದರೆ ಮಣಿಪಾಲದಲ್ಲೂ ಈ ಕೋರ್ಸ್ ಇದೆ. ಫೀಸು ಮೊದಲೇ ಕೇಳಿಕೊಳ್ಳಿ, ಒಂದಕ್ಕೊಂದಕ್ಕೆ ತುಂಬ ವ್ಯತ್ಯಾಸ.

ಯಾವ ಕಾಲೇಜಿಗೆ ಹೋದರೂ ಕಟ್ಟಡ ನೋಡಿ ಬರಬೇಡಿ. ಪದವಿ ಕೊಡುವ ಯೂನಿವರ್ಸಿಟಿ ಯಾವುದು, ಮಕ್ಕಳು ದಿನಾ ಯಾವ ಆಸ್ಪತ್ರೆಯಲ್ಲಿ ಕಲಿಯುತ್ತಾರೆ ಅಂತ ಕೇಳಿ. ಆ ಆಸ್ಪತ್ರೆಗೆ ನೀವೇ ಹೋಗಿ, ಎಕ್ಸ್‌ರೇ ಕೋಣೆಯ ಹೊರಗೆ ನಿಂತಿರುವ ಹುಡುಗರನ್ನು ಮಾತಾಡಿಸಿ. ಇಂಥ ಕೋರ್ಸುಗಳಿಗಾಗಿಯೇ 2021ರಲ್ಲಿ ರಾಷ್ಟ್ರೀಯ ಆಯೋಗದ ಕಾನೂನು ಬಂದಿದೆ, ಮಾನ್ಯತೆಯ ಪ್ರಶ್ನೆಯನ್ನು ಧೈರ್ಯವಾಗಿ ಕೇಳುವ ಹಕ್ಕು ನಿಮಗಿದೆ. ಉತ್ತರ ಕೊಡದೆ 'ಇವತ್ತೇ ಕಟ್ಟಿದರೆ ಡಿಸ್ಕೌಂಟ್' ಅಂದರೆ ಎದ್ದು ಬನ್ನಿ.

ಮಗಳನ್ನು ಒಂದು ಶನಿವಾರ ಮಧ್ಯಾಹ್ನ ನಮ್ಮ ಆಫೀಸಿಗೆ ಕರೆದುಕೊಂಡು ಬನ್ನಿ. ನಮ್ಮ ಓದುಗರಲ್ಲಿ ರೇಡಿಯಾಲಜಿ ಡಾಕ್ಟರೊಬ್ಬರಿದ್ದಾರೆ, ಅವಳ ಜೊತೆ ಕನ್ನಡದಲ್ಲೇ ಅರ್ಧ ಗಂಟೆ ಮಾತಾಡುತ್ತೇನೆ ಅಂದಿದ್ದಾರೆ.

ಮತ್ತೆ ಅಕ್ಕಾ, ಕೂಡಿಸಿದ ಹಣದಲ್ಲಿ ಮೊದಲು ನಿಮ್ಮ ಎರಡನೇ ಸ್ಕ್ಯಾನ್ ಮಾಡಿಸಿ. ಮುಂದೂಡಬೇಡಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಚಹಾ ಕೂಡ ಬೇಡ. ತಿಂದರೆ ಪಿತ್ತಕೋಶ ಮುದುಡಿಕೊಳ್ಳುತ್ತದೆ, ಕಲ್ಲು ಸರಿಯಾಗಿ ಕಾಣುವುದಿಲ್ಲ. ಮಗಳು ಈ ಸಲವೂ ಜೊತೆಗೆ ಬರಲಿ.