ಕಲ್ಯಾಣ ಕರ್ನಾಟಕಕ್ಕೆ ಇಷ್ಟು ಆಸ್ಪತ್ರೆ ಬಂದರೂ ಮಕ್ಕಳಲ್ಲಿ ರಕ್ತ ಕಡಿಮೆ ಯಾಕೆ?
ಸರ್ಕಾರ ನಮ್ಮ ಭಾಗಕ್ಕೆ ದೊಡ್ಡ ದೊಡ್ಡ ಆಸ್ಪತ್ರೆ ಕಟ್ಟುತ್ತಿದ್ದರೂ ರಕ್ತಹೀನತೆ, ಅಪೌಷ್ಟಿಕತೆ ಯಾಕೆ ಹೋಗುತ್ತಿಲ್ಲ ಅಂತ ಕೇಳಿದ್ದೀರಿ. ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಆಸ್ಪತ್ರೆ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಎದೆನೋವು ಅಂದರೆ ನಮ್ಮವರು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುತ್ತಿದ್ದರು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆಯ ಹೊಸ ಕಟ್ಟಡ ಶುರುವಾಯಿತು. 371 ಹಾಸಿಗೆ. ನಮಗೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 ಜೆ ಕಲಮಿನ ನೆನಪಿಗೆ ಅಷ್ಟೇ ಇಟ್ಟಿದ್ದಾರೆ. ಯಾದಗಿರಿಗೂ ಮೆಡಿಕಲ್ ಕಾಲೇಜು ಬಂದಿದೆ.

ಆದರೆ ರಕ್ತ ಕಡಿಮೆ ಇರುವ ಹುಡುಗಿ ಆಸ್ಪತ್ರೆಗೆ ಹೋಗುವುದೇ ಇಲ್ಲ. ಪ್ರಾರ್ಥನೆಗೆ ನಿಂತಾಗ ತಲೆ ಸುತ್ತಿ ಕೂತುಬಿಡುತ್ತಾಳೆ. ಅದು ಕಾಯಿಲೆ ಅಂತ ಅವಳಿಗೂ ಅನ್ನಿಸುವುದಿಲ್ಲ, ಮನೆಯವರಿಗೂ ಅನ್ನಿಸುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ, ಇಡೀ ರಾಜ್ಯದಲ್ಲೇ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ. ಇದು ಊಟದ ವಿಷಯ, ಅಲ್ವಾ?

ನಾನು ಕಂಡ ಹಾಗೆ ಸರ್ಕಾರದ ಅತ್ಯಂತ ಒಳ್ಳೆಯ ಯೋಜನೆ ಮೊಟ್ಟೆ. 2021ರ ಡಿಸೆಂಬರಿನಲ್ಲಿ ಮೊದಲು ನಮ್ಮ ಭಾಗದ ಜಿಲ್ಲೆಗಳ ಮತ್ತು ವಿಜಯಪುರದ ಶಾಲೆಗಳಲ್ಲೇ ಬಿಸಿಯೂಟದ ಜೊತೆ ಕೊಟ್ಟರು, ತಿನ್ನದವರಿಗೆ ಬಾಳೆಹಣ್ಣು. ಆಗ ಎಷ್ಟೊಂದು ವಿರೋಧ ಬಂತು! ಆಮೇಲೆ ಮೊಟ್ಟೆ ತಿಂದ ಯಾದಗಿರಿ ಮಕ್ಕಳನ್ನೂ ಮೊಟ್ಟೆ ಸಿಗದ ಗದಗಿನ ಮಕ್ಕಳನ್ನೂ ತೂಗಿ ನೋಡಿದಾಗ, ನಮ್ಮ ಮಕ್ಕಳ ತೂಕವೇ ಜಾಸ್ತಿ ಏರಿತ್ತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ. ಬೆಳಿಗ್ಗೆ ಏನೂ ತಿನ್ನದೆ ಬರುವ ಮಕ್ಕಳು ಅದನ್ನು ಹೇಗೆ ಕಾಯುತ್ತಾರೆ ಅಂತ ನೀವು ಬಂದು ನೋಡಬೇಕು.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಗುಳೆ. ಹತ್ತಿ ಬಿಡಿಸಿ, ತೊಗರಿ ರಾಶಿ ಮುಗಿಯಿತು ಅಂದರೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರು, ಪುಣೆ, ಮುಂಬೈ, ಎಲ್ಲಿ ಕಟ್ಟಡದ ಕೆಲಸ ಇದೆಯೋ ಅಲ್ಲಿಗೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಬಸುರಿಯರೂ ಹೋಗುತ್ತಾರೆ, ತಾಯಿ ಕಾರ್ಡ್ ಇಲ್ಲೇ ಟ್ರಂಕಿನಲ್ಲಿ ಉಳಿಯುತ್ತದೆ. ಆಶಾ ಅಕ್ಕ ಮನೆ ಬಾಗಿಲಿಗೆ ಬಂದು ವಾಪಸ್ ಹೋಗುತ್ತಾರೆ. ಮೊಟ್ಟೆ ಇಲ್ಲಿದೆ, ಕಬ್ಬಿಣಾಂಶದ ಗುಳಿಗೆ ಇಲ್ಲಿದೆ, ಅಂಗನವಾಡಿ ಇಲ್ಲಿದೆ, ತಿನ್ನಬೇಕಾದ ಮಗು ಮಾತ್ರ ಐನೂರು ಕಿಲೋಮೀಟರ್ ದೂರದ ತಗಡಿನ ಶೆಡ್ಡಿನಲ್ಲಿದೆ. ಯುಗಾದಿಗೆ ತಿರುಗಿ ಬಂದ ಮಕ್ಕಳನ್ನು ತೂಕ ಮಾಡುವಾಗ ನನಗೆ ನಿಜವಾಗಲೂ ಸಂಕಟ ಆಗುತ್ತದೆ, ಆರು ತಿಂಗಳಲ್ಲಿ ಏರಿದ್ದೆಲ್ಲ ಇಳಿದಿರುತ್ತದೆ.

ಹಾಗಾಗಿ ಯೋಜನೆ ಊರಿನ ಲೆಕ್ಕದಲ್ಲಿ ಇದ್ದರೆ ಸಾಲದು, ಮನೆಯವರ ಹಿಂದೆ ಹೋಗಬೇಕು. ದಾರಿ ಇಲ್ಲ ಅಂತಲ್ಲ. ಅಂಗನವಾಡಿಯವರ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹೆಸರನ್ನು ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ವರ್ಗ ಮಾಡಬಹುದು. ನಮ್ಮ ಹೆಣ್ಣುಮಕ್ಕಳಿಗೆ ಅದು ಗೊತ್ತಿಲ್ಲ, ಗೊತ್ತಿದ್ದರೂ ಹೊಸ ಊರಲ್ಲಿ ಯಾರನ್ನು ಕೇಳಬೇಕು?

ನೀವು ಬೆಂಗಳೂರಿನವರಾದರೆ ಒಂದು ಕೆಲಸ ಮಾಡಿ. ಹತ್ತಿರ ಎಲ್ಲಾದರೂ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರೆ, ಆ ಶೆಡ್ಡುಗಳಲ್ಲಿ ಇಂಥ ಮಕ್ಕಳಿದ್ದಾರೆ ಅಂತ ನಿಮ್ಮ ವಾರ್ಡಿನ ಅಂಗನವಾಡಿ ಟೀಚರಿಗೆ ಹೇಳಿ. ಯಾದಗಿರಿ, ರಾಯಚೂರು ಕಡೆಯವರು ಖಂಡಿತ ಇರುತ್ತಾರೆ.