ಕೈತುತ್ತು ಉಂಡ ಎರೆಭೂತ ಬಯಲಿಗೇಕಿಲ್ಲ?

ಸಿರುಗುಪ್ಪ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: “ಜೈಸಲ್ಮೇರ್‌ನಲ್ಲಿ ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಹಕ್ಕಿ) ಮರಿಗಳನ್ನು ಮಕ್ಕಳಂತೆ ಸಾಕುತ್ತಿದ್ದಾರಂತೆ. ಟಿವಿಯಲ್ಲಿ ನೋಡಿದೆ, ಮರಿಯೊಂದು ಸಾಕಿದವರ ಬೆನ್ನಿಗೇ ಓಡುತ್ತಿತ್ತು. ಅಂಥ ನಾಲ್ಕನ್ನು ತಂದು ನಮ್ಮ ಎರೆಹೊಲಕ್ಕೆ ಬಿಡಬಾರದೇ?”

ಮೇಷ್ಟ್ರೇ, ಬೆನ್ನಿಗೆ ಬಿದ್ದು ಓಡುವ ಆ ಮರಿಯೇ ನಿಮಗೆ ಉತ್ತರ.

ಎರೆಭೂತದ ಮರಿ ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ಎದ್ದು ನಡೆಯುತ್ತದೆ. ಆದರೆ ಮೊದಲ ದಿನಗಳಲ್ಲಿ ಅದಕ್ಕೆ ಹೆಕ್ಕಿ ತಿನ್ನಲು ಬರುವುದಿಲ್ಲ, ತಾಯಿ ಹುಳು ಹಿಡಿದು ಕೊಕ್ಕಿನ ಮುಂದೆ ಒಡ್ಡಬೇಕು. 2019ರಿಂದ ಥಾರ್ ಮರುಭೂಮಿಯ ಮೊಟ್ಟೆಗಳನ್ನು ತಂದು ಕಾವುಪೆಟ್ಟಿಗೆಯಲ್ಲಿ ಮರಿ ಮಾಡಿಸುತ್ತಿರುವ ಜೈಸಲ್ಮೇರ್ ಕೇಂದ್ರದಲ್ಲಿ ತಾಯಿಯ ಕೊಕ್ಕಿನ ಜಾಗಕ್ಕೆ ಬಂದದ್ದು ಚಿಮಟ. ಅಕ್ಕರೆಯಿಂದ ಒಂದು ತುತ್ತು ಹೆಚ್ಚು ಕೊಡೋಣವೆಂದರೆ ಅದೂ ಆಗದು. ಮೈ ಬೇಗ ತೂಕ ಹಾಕಿಬಿಟ್ಟರೆ ಎಳೆಯ ಕಾಲಮೂಳೆ ತಾಳದೆ ಸೊಟ್ಟಗಾಗುತ್ತದೆ. ಹಾಗಾಗಿ ಇಂಥ ಮರಿಗಳನ್ನು ದಿನವೂ ತೂಗಬೇಕು, ನಡೆಸಬೇಕು.

ಇಷ್ಟೆಲ್ಲ ಮಾಡಿ ಉಳಿಸಿದ ಮರಿಗೆ ತನ್ನ ಜಾತಿಯೇ ಗೊತ್ತಿರುವುದಿಲ್ಲ. ಉಣಿಸಿದವರೇ ತನ್ನ ಬಳಗ ಎಂದು ನಂಬಿಬಿಡುತ್ತದೆ. 1967ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊ ಮೃಗಾಲಯದಲ್ಲಿ ಹುಟ್ಟಿ ಮನುಷ್ಯರ ಕೈಯಲ್ಲಿ ಬೆಳೆದ ‘ಟೆಕ್ಸ್’ ಎಂಬ ಹೂಪಿಂಗ್ ಕೊಕ್ಕರೆ ಗಂಡುಕೊಕ್ಕರೆಗಳತ್ತ ತಿರುಗಿಯೂ ನೋಡಲಿಲ್ಲ. ಕೊನೆಗೆ ಜಾರ್ಜ್ ಆರ್ಚಿಬಾಲ್ಡ್ ಎಂಬ ವಿಜ್ಞಾನಿ ತಾನೇ ಕೊಕ್ಕರೆಯಂತೆ ಜಿಗಿದು, ಕೈ ಬೀಸಿ, ಋತುಗಟ್ಟಲೆ ಅದರೊಡನೆ ಕುಣಿದರು. ಕೃತಕ ಗರ್ಭಧಾರಣೆಯಿಂದ 1982ರಲ್ಲಿ ಒಂದೇ ಒಂದು ಮರಿಯಾಯಿತು. ಆ ಕುಣಿತ ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಕ್ಯಾಲಿಫೋರ್ನಿಯಾ ಕಾಂಡರ್ ರಣಹದ್ದುಗಳು 1987ರಲ್ಲಿ 27ಕ್ಕೆ ಇಳಿದಿದ್ದಾಗ ಅಲ್ಲಿನವರು ಮರೆಯಲ್ಲಿ ಕುಳಿತು, ಹದ್ದಿನ ತಲೆಯ ಕೈಗೊಂಬೆ ತೊಟ್ಟು ಮರಿಗಳಿಗೆ ಉಣಿಸಿದ್ದು ಇದೇ ಕಾರಣಕ್ಕೆ.

ಹಾಗೆಂದು ಜೈಸಲ್ಮೇರ್‌ನ ಮರಿಗಳನ್ನು ಸಾಕಿದ್ದು ವ್ಯರ್ಥವಲ್ಲ. ಮನುಷ್ಯರಿಗೆ ಹೆದರದ ಗಂಡಿನಿಂದ ವೀರ್ಯ ಪಡೆಯುವುದು ಸುಲಭ. 2024ರ ಅಕ್ಟೋಬರ್‌ನಲ್ಲಿ ಆ ದಾರಿಯಿಂದಲೇ ಮೊದಲ ಮರಿ ಹುಟ್ಟಿತು. ಈ ಹಕ್ಕಿಗಳು ಅಲ್ಲೇ ಉಳಿದು ಸಂತಾನ ಕೊಡಲಿ. ಬಯಲಿಗೆ ಹೋಗಬೇಕಾದವು ನಮ್ಮ ಮುಖ ಕಾಣದೆ ಬೆಳೆದ ಮುಂದಿನ ಪೀಳಿಗೆಯವು.

ಅವು ಬರುವ ಹೊತ್ತಿಗೆ ತಂತಿಗಳಿಲ್ಲದ ಬಯಲು ಇರಬೇಕಲ್ಲ! ಎರೆಭೂತದ ಕಣ್ಣುಗಳಿರುವುದು ತಲೆಯ ಇಕ್ಕೆಲಗಳಲ್ಲಿ. ಎದುರಿನ ವಿದ್ಯುತ್ ತಂತಿ ಕಾಣುವುದು ತೀರ ಹತ್ತಿರ ಬಂದ ಮೇಲೆ, ಅಷ್ಟು ಭಾರದ ಮೈಯನ್ನು ಆಗ ಹೊರಳಿಸಲಾಗದು.

ನಿಮ್ಮ ಕಡೆ ಬರಿನೆಲದಲ್ಲಿ ಒಂಟಿ ಮೊಟ್ಟೆ ಕಂಡರೆ ಮುಟ್ಟಬೇಡಿ, ಫೋಟೊಕ್ಕೆಂದು ನಿಲ್ಲಲೂಬೇಡಿ. ದೂರ ಸರಿದು ಅರಣ್ಯ ಇಲಾಖೆಯವರಿಗೆ ತಿಳಿಸಿ. ನಮಗೂ ಬರೆಯಿರಿ, ಹೊಲದ ಹೆಸರನ್ನು ಮಾತ್ರ ಅಚ್ಚು ಹಾಕುವುದಿಲ್ಲ.

– ಸಂ.